ಬೆನ್ನಿಗೊಂದು ಏಟು

ಹಸಿ ಹಲಗೆ ಸೀಳಿದಂಥ ಸದ್ದು. ಸೊಣ್ಣಪ್ಪ ಮುಗ್ಗರಿಸಿ ಸುರಂಗದ ಗೋಡೆಗೆ ಹಣೆ ಬಡಿದುಕೊಂಡ. ಬಿಸಿ ರಕ್ತ ಮೂಗಿನ ತುದಿಗಿಳಿಯಿತು. ಹಿಂದೆ ಬಂದವನ ಬೆನ್ನಿಗೂ ಅಂಥದೇ ಏಟು. ಅವನ ಹಿಂದಿನವನಿಗೂ.

ಗ್ಯಾಂಗಿನ ಮೇಸ್ತ್ರಿ ಮುನಿಶಾಮಪ್ಪನ ಕೈ ಅದು. ಗಣಿಯೊಳಕ್ಕೆ ಹೋಗುವಾಗ ಒಂದು, ಹೊರಕ್ಕೆ ಬರುವಾಗ ಒಂದು. ಮೈ ಮುರಿದು ದುಡಿದವನಿಗೂ ಬೀಳುತ್ತಿತ್ತು, ಮೈಗಳ್ಳನಿಗೂ ಬೀಳುತ್ತಿತ್ತು. ಒಡಹುಟ್ಟಿದ ತಮ್ಮನನ್ನೂ ಮೇಸ್ತ್ರಿ ಬಿಟ್ಟವನಲ್ಲ. ಪ್ರತಿ ಏಟಿಗೂ ಅವನ ಗಂಟಲಲ್ಲಿ ಏನೋ ಗೊಣಗಾಟ. ಅದು ಬೈಗುಳವೆಂದೇ ಸೊಣ್ಣಪ್ಪ ತಿಳಿದಿದ್ದ.

ಹೊಡೆಯಲು ಮೇಸ್ತ್ರಿ ಆರಿಸಿಕೊಂಡ ಜಾಗವೂ ಅಂಥದೇ. ಒಬ್ಬೊಬ್ಬರೇ ನುಸುಳಬೇಕಾದ ಇಕ್ಕಟ್ಟಿನ ತಿರುವು. ಭೂಮಿಯ ಹೊಟ್ಟೆಯೊಳಗೆ ರಾಕ್ಷಸಿಯೊಬ್ಬಳು ಮಲಗಿ ನಿಟ್ಟುಸಿರು ಬಿಟ್ಟಂತೆ ಅಲ್ಲಿ ಗಾಳಿ ನುಗ್ಗುತ್ತಿತ್ತು. ಯಾವ ಮೇಣದಬತ್ತಿಯೂ ಉಳಿಯುತ್ತಿರಲಿಲ್ಲ. ಆ ಕತ್ತಲಲ್ಲಿ ಯಾರಿಗೂ ಮುಖವಿಲ್ಲ, ಬೆನ್ನು ಮಾತ್ರ.

"ಒಂದು ಬೆನ್ನು ಕಮ್ಮಿ ಐತೆ," ಮೇಸ್ತ್ರಿ ಗುಡುಗಿದ. "ಯಾವನ್ಲಾ ಅವ್ನು?"

"ಚಿಕ್ಕಮುನಿಯಪ್ಪ ಬಂದಿಲ್ಲ ಮೇಸ್ತ್ರೀ. ಜ್ವರ ಬಂದು ಊರಿಗಾಂ ಲೈನ್ ಮನೆಯಾಗೆ ಮಲಗವ್ನೆ," ಎಂದ ಕೋದಂಡಪ್ಪ, ಗ್ಯಾಂಗಿನ ಹಳೆಯ ಆಳು.

ಮುಂದೆ ಹೋಗಿ ದೀಪ ಹೊತ್ತಿಸಿಕೊಂಡ ಮೇಲೆ ಸೊಣ್ಣಪ್ಪ ಹಲ್ಲು ಕಡಿದ. "ನೋಡ್ದಾ ಮಾವಾ? ಒಂದು ಬೆನ್ನು ತಪ್ಪಿದ್ರೂ ಕೈ ಕೆರೀತೈತೆ ಈವಯ್ಯಂಗೆ."

"ಬೀಳ್ಲಿ ಬಿಡ್ಲಾ," ಕೋದಂಡಪ್ಪ ಹಣೆಯ ಗಾಯ ನೋಡಿ ನಕ್ಕ. "ಬೀಳೋಗಂಟ ಬದುಕಿದ್ದೀಯ ಅಂತ ತಿಳ್ಕೊ."

ಕ್ಯಾಸಂಬಳ್ಳಿಯ ಕಣದಲ್ಲಿ ಧಣಿ ತನ್ನ ಅಪ್ಪನನ್ನು ಮೇಟಿಕಂಬಕ್ಕೆ ಕಟ್ಟಿ ಬಾರುಕೋಲಿನಿಂದ ಹೊಡೆದದ್ದನ್ನು ಸೊಣ್ಣಪ್ಪ ಕಣ್ಣಾರೆ ಕಂಡಿದ್ದ. ಅಪ್ಪ ಮತ್ತೆ ನೆಟ್ಟಗೆ ನಿಲ್ಲಲೇ ಇಲ್ಲ. ನನ್ನ ಬೆನ್ನು ಮುಟ್ಟಿದ ಕೈ ಉಳಿಯಬಾರದು ಎಂದು ಅಂದೇ ಆಣೆ ಮಾಡಿ, ರಾಗಿ ಹೊಲ ಬಿಟ್ಟು ಗಣಿಗೆ ಬಂದಿದ್ದ. ಆ ಆಣೆ ಇಲ್ಲಿ ದಿನಕ್ಕೆರಡು ಸಲ ಮುರಿಯುತ್ತಿತ್ತು. ಇಂದು ಅವನ ಸೊಂಟದಲ್ಲಿ ಚೂರಿ ಇತ್ತು.

"ನಾನು ಮೇಸ್ತ್ರಿಯಾದ್ರೆ ಒಬ್ರ ಮೈಯೂ ಮುಟ್ಟಲ್ಲ," ಎಂದ. "ಅಣ್ಣಾ ಅಂತ ಕರ್ದು, ಎಲೆಅಡ್ಕೆ ಕೊಟ್ಟು ಕೆಲ್ಸ ತೆಗೀತೀನಿ."

"ಪಕ್ಕದ ಗ್ಯಾಂಗಿನ ಮೇಸ್ತ್ರಿ ಅಂಗೇ ಅಲ್ವೇನ್ಲಾ? ಬಾಯಿ ತುಂಬ ಬೆಲ್ಲ. ಅವನ ಆಳುಗಳ್ನ ಎಷ್ಟು ಕಿತ ಚಟ್ಟದ ಮ್ಯಾಲೆ ಹೊತ್ಕೊಂಡೋದ್ವಿ, ಮರ್ತ್ಯಾ?"

ಅದು ನಿಜ. ಮುನಿಶಾಮಪ್ಪನ ಗ್ಯಾಂಗಿನಲ್ಲಿ ಈವರೆಗೆ ಹೆಣ ಬಿದ್ದಿರಲಿಲ್ಲ. ಗ್ಯಾಂಗು ಕಟ್ಟಿದರೆ ಹೀಗೆ ಕಟ್ಟಬೇಕೆಂದು ಗಣಿಯ ಸಾಹೇಬರು ಬೇರೆ ಮೇಸ್ತ್ರಿಗಳಿಗೆ ಅವನನ್ನೇ ತೋರಿಸುತ್ತಿದ್ದರು. ಎಲ್ಲ ಏಟಿನ ಭಯ ಎಂದುಕೊಳ್ಳುತ್ತಿದ್ದ ಸೊಣ್ಣಪ್ಪ. ಹೋದ ತಿಂಗಳು ಬಂಡೆ ಸಿಡಿಸುವ ಮದ್ದಿಗೆ ಬೆಂಕಿ ಇಡುವ ಹೊತ್ತಿನಲ್ಲಿ ಚಿಕ್ಕಮುನಿಯಪ್ಪ ಮರದ ಕಂಬಗಳ ಹಿಂದೆ ಕೂತು ಬೀಡಿ ಸೇದುತ್ತಿದ್ದ. ಮೇಸ್ತ್ರಿ ಅವನ ಜುಟ್ಟು ಹಿಡಿದು ಎಳೆದು ತಂದು, ಹಲ್ಲು ಉದುರುವಂತೆ ಒದ್ದಿದ್ದ. ರಕ್ತ ಉಗುಳುತ್ತಲೇ ಚಿಕ್ಕಮುನಿಯಪ್ಪ ಅದೇ ಕಾಲಿಗೆ ನಮಸ್ಕಾರ ಮಾಡಿದನಲ್ಲ! ನಾಯಿಗೂ ಇಷ್ಟು ನಾಚಿಕೆಗೇಡುತನ ಇರುವುದಿಲ್ಲ ಎನ್ನಿಸಿತ್ತು ಸೊಣ್ಣಪ್ಪನಿಗೆ.

ಪಾಳಿ ಮುಗಿಯುತ್ತ ಬಂತು. ಬಂಡೆಗೆ ಕೊರೆದ ತೂತುಗಳಿಗೆ ಮದ್ದು ತುಂಬಿದ್ದಾಯಿತು. ಆಳುಗಳೆಲ್ಲ ತಿರುವಿನತ್ತ ಹೊರಟರು. ಫಟ್, ಫಟ್, ಫಟ್. ಏಟಿನ ಸದ್ದು ಒಂದೊಂದಾಗಿ ಕೇಳಿಸಿತು. ಮದ್ದಿನ ಬತ್ತಿಗಳಿಗೆ ಬೆಂಕಿ ಹಚ್ಚಿ ಕಡೆಯವನಾಗಿ ಬರುವ ಕೆಲಸ ಸೊಣ್ಣಪ್ಪನದು. ಬತ್ತಿಗಳು ಹಾವಿನಂತೆ ಬುಸುಗುಟ್ಟತೊಡಗಿದವು. ಅವನು ಓಡಿದ.

ತಿರುವಿನ ಹತ್ತಿರ ದೀಪ ಆರಿತು. ಕತ್ತಲಲ್ಲಿ ಮೇಸ್ತ್ರಿಯ ಉಸಿರು ಕೇಳುತ್ತಿತ್ತು. ಎತ್ತಿದ ಕೈ ಅಲ್ಲೇ ಎಲ್ಲೋ ಕಾಯುತ್ತಿತ್ತು.

ಸೊಣ್ಣಪ್ಪ ಚೂರಿ ಹಿರಿದ. ಮರುಗಳಿಗೆ ಅದಕ್ಕಿಂತ ಸಿಹಿಯಾದ ಉಪಾಯ ಹೊಳೆಯಿತು. ಗಾಳಿಯ ಮೊರೆತದಲ್ಲಿ ನೆಲಕ್ಕೆ ಎದೆ ಹಚ್ಚಿ, ಬೆಕ್ಕಿನಂತೆ ಆ ಕೈಯ ಅಡಿಯಲ್ಲೇ ತೆವಳಿದ. ಆಚೆ ಬದಿಯ ಗೂಡಿನಲ್ಲಿ ಮುದುರಿ ಕೂತ. ಚೂರಿಗೆ ಕೆಲಸವೇ ಬೀಳಲಿಲ್ಲ. ಗಣಿಗೆ ಬಂದ ಮೇಲೆ ಮೊದಲ ಸಲ ಅವನ ಬೆನ್ನು ಏಟಿಲ್ಲದೆ ಪಾರಾಗಿತ್ತು.

"ಒಂದು ಬೆನ್ನು ಕಮ್ಮಿ ಐತೆ ಕಣ್ರೋ!" ಮೇಸ್ತ್ರಿ ಅರಚಿದ. "ಒರೇಯ್ ಸೊಣ್ಣಾ! ಎಲ್ಲಿದ್ದೀಯ್ಲಾ?"

ಕೂಗ್ಕೋ, ಗಂಟ್ಲು ಹರಿಯೋಗಂಟ ಕೂಗ್ಕೋ ಎಂದು ಸೊಣ್ಣಪ್ಪ ನಗು ತಡೆಯಲು ಬಾಯಿಗೆ ವಲ್ಲಿ ತುರುಕಿಕೊಂಡ.

"ಸೊಣ್ಣಾ! ಲೇ ಸೊಣ್ಣಾ!"

ಹೆಜ್ಜೆಯ ಸದ್ದು ದೂರವಾಯಿತು. ಸುರಂಗದಲ್ಲಿ ಸದ್ದಿಗೆ ದಿಕ್ಕಿಲ್ಲ. ಸೋತು ಹೊರಟ ಮೇಸ್ತ್ರಿ ಎಂದುಕೊಂಡು ಸೊಣ್ಣಪ್ಪ ಆಳುಗಳಿದ್ದ ಕಡೆಗೆ ಹೆಜ್ಜೆ ಹಾಕಿದ.

ಮದ್ದು ಸಿಡಿಯಿತು. ಒಂದರ ಹಿಂದೊಂದು. ಬಂಡೆ ಚೂರುಗಳು ತಿರುವಿನ ಗೋಡೆಗೆ ಬಡಿದು ಪುಡಿಯಾದವು. ಗಾಳಿಯ ಗುದ್ದಿಗೆ ಸೊಣ್ಣಪ್ಪ ಆಳುಗಳ ಕಾಲಬಳಿ ಹೋಗಿ ಬಿದ್ದ. ದೀಪಗಳೆಲ್ಲ ಆರಿದವು. ಬಾಯಲ್ಲಿ ಧೂಳು, ರಕ್ತ. ಎದ್ದು ನಿಂತವನ ಬೆನ್ನಿಗೆ ಫಟ್ಟನೆ ಏಟು ಬಿತ್ತು.

ಅವನ ಕೈ ಚೂರಿಗೆ ಹೋಯಿತು. ಆದರೆ ಇದು ಕೋದಂಡಪ್ಪನ ಕೈ. ಆ ಕತ್ತಲಲ್ಲಿ ಮುದುಕ ಒಂದೊಂದೇ ಬೆನ್ನು ತಡವುತ್ತ, ತಟ್ಟುತ್ತ, ಮೇಸ್ತ್ರಿಯಂತೆಯೇ ಗೊಣಗುತ್ತ ಎಣಿಸುತ್ತಿದ್ದ. ಕಡೆಯ ಬೆನ್ನಿಗೆ ಬಂದವನು ತಡೆದು ನಿಂತ.

"ಎಲ್ಲಾ ಬೆನ್ನೂ ಸರಿಯಾಗೈತಲ್ರೋ... ಮತ್ತೆ ಯಾರ್ನ ಹುಡುಕ್ಕೊಂಡು ವಾಪಸ್ ಒಳಕ್ಕೋದ್ರು ನಮ್ಮ ಮೇಸ್ತ್ರಿ?"