ಉತ್ತರದ ಕೊಲ್ಲಿ

ಅಣ್ಣ ಬಾಗಿಲು ದೂಡಿಕೊಂಡು ಒಳನುಗ್ಗಿದ ಸದ್ದಿಗೆ ಅವಳು ಕಂಪ್ಯೂಟರ್ ಆರಿಸಿಬಿಟ್ಟಳು. ಬಸುರಿ ಶಾರ್ಕ್‌ಗಳು ಮರಿ ಹಾಕಲು ದಡದತ್ತ ಬರುವ ಕಾಲ. ಹನ್ನೊಂದರ ಬೆನ್ನಿನ ರೆಕ್ಕೆಗೆ ಜಾಡು ತಿಳಿಸುವ ಟ್ಯಾಗ್ ಹಾಕಿದವಳು ಅವಳೇ. ಊರಿನ ಎರಡು ಕೊಲ್ಲಿಗಳಲ್ಲಿ ಅವು ಯಾವುದಕ್ಕೆ ಬಂದಿವೆ ಎಂದು ಗೊತ್ತಿದ್ದುದೂ ಅವಳೊಬ್ಬಳಿಗೇ.

"ಎಲ್ಲಿವೆ, ಬೊಗಳು. ನನ್ನ ಬಲೆ ಹರಿದಿದ್ದು ಸಾಕು, ಈ ಸಲ ಒಂದೊಂದನ್ನೂ ಸಿಗಿದು ಹಾಕ್ತೀನಿ."

ಅವಳು ಎದ್ದು ಗೋಡೆಯ ನಕ್ಷೆಯಲ್ಲಿ ಉತ್ತರದ ಕೊಲ್ಲಿಯ ಮೇಲೆ ಬೆರಳಿಟ್ಟಳು. ಅಣ್ಣ ಅದನ್ನೇ ನೋಡಿ ಹಲ್ಲು ಕಿರಿದ.

"ಯಾರ ಕಿವಿಗೆ ಹೂ ಇಡ್ತೀಯೇ? ಚಿಕ್ಕವಳಿದ್ದಾಗಿಂದ ನೋಡ್ತಿದೀನಿ, ಬಾಯಿ ಬಿಟ್ರೆ ಬರೀ ಸುಳ್ಳು. ನೀನು ಉತ್ತರ ತೋರಿಸಿದ್ರೆ ಅವು ದಕ್ಷಿಣದಲ್ಲೇ ಇರೋದು."

ಬಾಗಿಲು ದಡಾರನೆ ಬಡಿಯಿತು. ಅವನ ದೋಣಿ ದಕ್ಷಿಣಕ್ಕೆ ತಿರುಗಿ ಕಣ್ಮರೆಯಾಗುವ ತನಕ ಅವಳು ಕಿಟಕಿ ಬಿಟ್ಟು ಕದಲಲಿಲ್ಲ. ಜನ್ಮದಲ್ಲಿ ಒಂದು ಸಲವೂ ಅವಳ ಮಾತು ನಂಬಿದವನಲ್ಲ ಅವನು; ಅದೊಂದನ್ನೇ ನೆಚ್ಚಿಕೊಂಡಿದ್ದಳು. ಆಮೇಲೆ ಕಂಪ್ಯೂಟರ್ ಹಾಕಿದಳು. ಅವಳು ಬೆರಳಿಟ್ಟ ಜಾಗದಲ್ಲೇ, ಉತ್ತರದ ಕೊಲ್ಲಿಯಲ್ಲಿ, ಹನ್ನೊಂದು ಕೆಂಪು ಚುಕ್ಕಿಗಳು ನಿಧಾನವಾಗಿ ಸುತ್ತುತ್ತಿದ್ದವು.