ಎರಡು ಹನಿ ಅಮೋನಿಯಾ

ಹುಡುಗಿಗೆ ರಜೆ ಸಿಗಲಿಲ್ಲವೆಂದು ಭಾಗೀರಥಮ್ಮ ಮಗ ಶ್ರೀಹರಿಯನ್ನು ಕಟ್ಟಿಕೊಂಡು ಹೆಣ್ಣು ನೋಡಲು ಪ್ರಯೋಗಶಾಲೆಗೇ ಬಂದರು. ಮಂದಾಕಿನಿಗೆ ಈ ಮದುವೆ ಸುತರಾಂ ಬೇಕಿರಲಿಲ್ಲ. ಬೇಡವೆಂದರೆ ಅಪ್ಪ ಊಟ ಬಿಡುತ್ತಿದ್ದರು.

"ಏನಮ್ಮಾ ನಿನ್ನ ಕೆಲಸ?" ಎಂದರು ಭಾಗೀರಥಮ್ಮ.

ಮಂದಾಕಿನಿ ಮುಂದಿದ್ದ ತಟ್ಟೆ ತೋರಿಸಿದಳು. "ಇವು ಸೀ ಅರ್ಚಿನ್ ಅನ್ನೋ ಮುಳ್ಳುಮುಳ್ಳಿನ ಕಡಲಪ್ರಾಣಿಯ ಮೊಟ್ಟೆಗಳು. ಪ್ರೋಟೀನ್ ತಯಾರಿಸೋಕೆ ಬೇಕಾದ್ದೆಲ್ಲ ಒಳಗೇ ಸಿದ್ಧ ಇರುತ್ತೆ. ಆದ್ರೂ ಗಂಡಿನ ವೀರ್ಯಾಣು ಬಂದು ಸೇರೋ ತನಕ ಸುಮ್ಮನೆ ಬಿದ್ದಿರುತ್ತವೆ. ಸೇರಿದ್ದೇ ತಡ, ಕೆಲಸ ಭರದಿಂದ ಶುರು."

ಭಾಗೀರಥಮ್ಮನ ಮುಖ ಅರಳಿತು. "ನಮ್ಮ ಹರಿಯೂ ಥೇಟ್ ಹೀಗೇ! ಓದಿದ್ದಾನೆ, ಬುದ್ಧಿಯಿದೆ, ಸೋಫಾ ಬಿಟ್ಟು ಏಳೋದಿಲ್ಲ. ಮದುವೆಯಾದ್ರೆ ತಾನಾಗೇ ಕೆಲಸ ಶುರು ಮಾಡ್ತಾನೆ."

ಶ್ರೀಹರಿ ಅಷ್ಟರಲ್ಲಿ ಅಲ್ಲಿದ್ದ ಒಂದೇ ಕುರ್ಚಿ ಹಿಡಿದು ಕಣ್ಣು ಮುಚ್ಚಿದ್ದ.

ಮಂದಾಕಿನಿ ತಡಮಾಡಲಿಲ್ಲ. ಮೊಟ್ಟೆಗಳ ಇನ್ನೊಂದು ತಟ್ಟೆ ಎಳೆದುಕೊಂಡಳು. "ಗಂಡೇ ಬೇಕು ಅಂತೇನಿಲ್ಲ ಅಮ್ಮಾ. ನೀರಿಗೆ ಎರಡು ಹನಿ ಅಮೋನಿಯಾ ಬಿಟ್ರೂ ಮೊಟ್ಟೆ ಮೋಸಹೋಗಿ ಪ್ರೋಟೀನ್ ತಯಾರಿಸೋಕೆ ಹೊರಡುತ್ತೆ."

ಬಾಟಲಿಯಿಂದ ಎರಡು ಹನಿ ಬಿಟ್ಟೂ ತೋರಿಸಿದಳು. ಸ್ವಲ್ಪ ಹೊತ್ತಿಗೆ ಪ್ರೋಟೀನ್ ಅಳೆಯುವ ಯಂತ್ರದ ಪರದೆಯಲ್ಲಿ ಗೆರೆ ಮೇಲೇರತೊಡಗಿತು.

ಭಾಗೀರಥಮ್ಮ ಒಮ್ಮೆ ಆ ಗೆರೆಯನ್ನು, ಒಮ್ಮೆ ಮಗನನ್ನು ನೋಡಿದರು. ಆಮೇಲೆ ಅವಳ ಕೈಹಿಡಿದು, "ಮದುವೆ ಮಾತು ಬಿಡು ತಾಯಿ, ಆ ಬಾಟಲಿ ಯಾವ ಅಂಗಡಿಯಲ್ಲಿ ಸಿಗುತ್ತೆ ಹೇಳು" ಅಂದರು.