ಯಾರು ಕ್ಲಾಕ್ ಕೊಡಬೇಕು?

ಹಸಿರು ದೀಪ ಹತ್ತಲಿಲ್ಲ. ಪುಟ್ಟಿ ಕೇಬಲ್ ಕಿತ್ತಳು, ಊದಿದಳು, ಮತ್ತೆ ಸಿಕ್ಕಿಸಿದಳು. ಪೋರ್ಟಿನ ಕೆಂಪು ದೀಪ ಅವಳನ್ನೇ ದುರುಗುಟ್ಟಿ ನೋಡುತ್ತಿತ್ತು. ಊರಿನ ಆಚೆ ಕೊನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದೇ ಲೈನಿನ ಇನ್ನೊಂದು ತುದಿ ಹಿಡಿದು, ಕಿವಿಗೆ ಫೋನಿಟ್ಟು ಕೂತವಳು ಅವಳ ದೊಡ್ಡಮ್ಮ. ಕೆಲಸ ಕಲಿಸಿದ ಗುರುವೂ ಅವಳೇ. ಗುರುವಿಗೆ ಇವತ್ತು ನೌಕರಿಯ ಕೊನೆಯ ದಿನ. ಹೊಸ ಹೆರಿಗೆ ಆಸ್ಪತ್ರೆಗೆ ಹೋಗುವ ಈ ಲೈನು ಹನ್ನೆರಡರೊಳಗೆ ಶುರುವಾಗದಿದ್ದರೆ ಕೆಲಸ ಬೇರೆ ತಂಡದ ಪಾಲು.

ಇಂಥ ವೇಗದ ಲೈನಿಗೆ ಒಂದು ನಿಯಮವಿದೆ. ಒಂದು ತುದಿ ತಾಳ ಹಾಕಬೇಕು, ಇನ್ನೊಂದು ಅದಕ್ಕೆ ಹೆಜ್ಜೆ ಹಾಕಬೇಕು. ತಾಳ ಹಾಕುವುದಕ್ಕೆ ಈ ಕೆಲಸದವರು ‘ಕ್ಲಾಕ್ ಕೊಡುವುದು’ ಎನ್ನುತ್ತಾರೆ. ಕ್ಲಾಕ್ ಕೊಟ್ಟವರ ಹೆಸರನ್ನು ಚೀಟಿಯಲ್ಲಿ ಬರೆದು ಕೇಬಲ್ಲಿಗೆ ಕಟ್ಟುವುದು ಇವರ ಕಚೇರಿಯ ವಾಡಿಕೆ. ದೊಡ್ಡಮ್ಮನ ಕೊನೆಯ ಲೈನು ದೊಡ್ಡಮ್ಮನ ಹೆಸರಿನಲ್ಲೇ ಇರಲಿ ಎಂದು ಪುಟ್ಟಿ ಬೆಳಗ್ಗೆಯೇ, ಯಾರಿಗೂ ಹೇಳದೆ, ತನ್ನ ಪೋರ್ಟಿನ ಕ್ಲಾಕ್ ನಿಲ್ಲಿಸಿಟ್ಟಿದ್ದಳು.

“ದೊಡ್ಡಮ್ಮ, ಕ್ಲಾಕೇ ಬರ್ತಿಲ್ಲ ನಂಗೆ.”

“ನಂಗೂ ಬರ್ತಿಲ್ಲ ಕಣೇ.”

“ನಿಂಗ್ಯಾಕೆ ಬರ್ಬೇಕು? ಕೊಡೋಳು ನೀನಲ್ವಾ?”

“ನೀನು ಒಬ್ಬಳೇ ಮಾಡ್ತಿರೋ ಮೊದಲ್ನೇ ಲೈನು, ನಿನ್ನ ಹೆಸರಲ್ಲೇ ಇರ್ಲಿ ಅಂತ ನಂದು ನಿಲ್ಲಿಸಿಟ್ಟೆ…”

ಪುಟ್ಟಿ ಹಣೆ ಚಚ್ಚಿಕೊಂಡಳು. ತಟ್ಟೆಯಲ್ಲಿ ಉಳಿದ ಕೊನೆಯ ತುಂಡನ್ನು ‘ನೀನು ತಿನ್ನು, ನೀನು ತಿನ್ನು’ ಎನ್ನುತ್ತಲೇ ಹಳಸಲು ಬಿಡುವ ಮನೆತನ ಇದು. ಸರಿ, ದೊಡ್ಡಮ್ಮನ ಆಸೆಯೇ ನಡೆಯಲಿ ಎಂದು ಅವಳು ಕ್ಲಾಕ್ ಕೊಟ್ಟಳು. ಪುಟ್ಟಿಯ ಆಸೆಯೇ ನಡೆಯಲಿ ಎಂದು ಅದೇ ಗಳಿಗೆಗೆ ಆ ಕಡೆ ದೊಡ್ಡಮ್ಮನೂ ಕೊಟ್ಟಳು. ಒಂದು ಕುಣಿತಕ್ಕೆ ಈಗ ಎರಡು ತಾಳ. ಪರದೆಯ ತುಂಬ ತಪ್ಪುಗಳ ಸುರಿಮಳೆ.

“ಇನ್ನು ಹತ್ತೇ ನಿಮಿಷ,” ಮೇಲ್ವಿಚಾರಕ ಬಾಗಿಲಲ್ಲಿ ತಲೆ ಹಾಕಿದ. “ಆಗುತ್ತೋ, ಬೇರೆಯವರನ್ನ ಕರೀಲೋ?”

“ದೊಡ್ಡಮ್ಮ, ನಾನು ನಿಲ್ಲಿಸ್ಲಾ?”

“ಮುಟ್ಟಿದ್ರೆ ನೋಡು!” ದೊಡ್ಡಮ್ಮ ಗುಡುಗಿದಳು. “ನಂದು ನಾನು ನಿಲ್ಲಿಸ್ತೀನಿ. ಮೂವತ್ತು ವರ್ಷ ಎಲ್ರೂ ನನ್ನ ತಾಳಕ್ಕೆ ಹೆಜ್ಜೆ ಹಾಕಿದ್ರು. ಇವತ್ತೊಂದಿನ ನಿನ್ನ ತಾಳಕ್ಕೆ ನಾನು ಹೆಜ್ಜೆ ಹಾಕಿ ಮನೆಗೆ ಹೋಗ್ತೀನಿ. ಎದುರಾಡಬೇಡ.”

ಪುಟ್ಟಿ ಎದುರಾಡಲಿಲ್ಲ. ಕಣ್ಣು ತುಂಬಿ ಬಂದಿದ್ದರಿಂದ, ಹತ್ತಿದ ಒಂದು ಹಸಿರು ದೀಪ ಅವಳಿಗೆ ಮೂರಾಗಿ ಕಂಡಿತು. ಫೋನಿನಲ್ಲಿ ಅರವತ್ತರ ಹೆಂಗಸು ಕೇಕೆ ಹಾಕುತ್ತಿದ್ದಳು. ಮೇಲ್ವಿಚಾರಕ ಪೆನ್ನು ತೆಗೆದ. “ತಪ್ಪು ಯಾವ ತುದೀಲಿತ್ತು?”

“ಎರಡೂ ತುದೀಲಿ ಸಾರ್. ನಮ್ಮನೆ ಕಾಯಿಲೆ.”

ಸಂಜೆ ಬೀಳ್ಕೊಡುಗೆಗೆ ತಂದ ಕೇಕಿನಲ್ಲಿ ಕಡೆಗೆ ಒಂದೇ ತುಂಡು ಉಳಿಯಿತು. ದೊಡ್ಡಮ್ಮ ಅದನ್ನೆತ್ತಿ ಪುಟ್ಟಿಯತ್ತ ಚಾಚಿದಳು. ‘ನೀನೇ ತಿನ್ನು’ ಎಂಬ ಮಾತು ಪುಟ್ಟಿಯ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅವಳು ಅದನ್ನು ನುಂಗಿಕೊಂಡು, ದೊಡ್ಡದಾಗಿ ಬಾಯಿ ತೆರೆದಳು.